ಚೆಂಡು ಬೀಳದ ಬಂಕರನ್ನೂ ನೋಡಿ

ಟಿವಿ ಮುಂದೆ ಗಾಲ್ಫ್ ನೋಡಲು ಹೊಸದಾಗಿ ಕೂತವರ ಕಣ್ಣಿಗೆ ಬಂಕರ್ ಬೀಳುವುದು ಚೆಂಡು ಮರಳಿಗೆ ಬಿದ್ದಾಗ ಮಾತ್ರ. ಆಟಗಾರ ಗುಂಡಿಗಿಳಿಯುತ್ತಾನೆ, ಮರಳು ಚಿಮ್ಮುತ್ತದೆ, ಚೆಂಡು ಹೊರಬಂದರೆ ಚಪ್ಪಾಳೆ. ಆದರೆ ಆ ಬಂಕರಿನ ಕೆಲಸ ಅದಕ್ಕೆ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಕ್ರಿಕೆಟ್‌ನಲ್ಲಿ ಡೀಪ್ ಮಿಡ್‌ವಿಕೆಟ್‌ಗೆ ಕಳಿಸಿದವನ ಕೈಗೆ ಒಂದೂ ಕ್ಯಾಚ್ ಬಾರದೆ ಹೋಗಬಹುದು. ಅವನನ್ನು ನೋಡಿ ಬ್ಯಾಟ್ಸ್‌ಮನ್ ಆ ಹೊಡೆತವನ್ನೇ ಕೈಬಿಟ್ಟರೆ ಫೀಲ್ಡರ್ ಅಲ್ಲಿ ನಿಂತದ್ದು ಸಾರ್ಥಕ. ಬಂಕರನ್ನೂ ಹಾಗೆಯೇ ನೋಡಬೇಕು.

ಇದನ್ನು ಕಲಿಯಲು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ಗಿಂತ ಒಳ್ಳೆಯ ಮೈದಾನ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಅಲ್ಲಿ 112 ಬಂಕರ್‌ಗಳಿವೆ. ಎಷ್ಟೋ ಬಂಕರ್‌ಗಳಿಗೆ ಸ್ವಂತ ಹೆಸರೂ ಇದೆ. ಹೆಚ್ಚಿನವು ಕಿರಿದಾದ, ಆಳವಾದ ಗುಂಡಿಗಳು. ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿರುತ್ತಾರೆ. ಗೋಡೆಗೆ ಅಂಟಿಕೊಂಡ ಹಾಗೆ ಬಿದ್ದ ಚೆಂಡನ್ನು ಮುಂದಕ್ಕೆ ಹೊಡೆಯುವ ಆಸೆ ಬಿಡಬೇಕು. ಪಕ್ಕಕ್ಕೋ ಹಿಂದಕ್ಕೋ ಆಡಿ ಹೊರಬಂದರೆ ಸಾಕು. ಒಂದು ಹೊಡೆತ ಹೋದಂತೆಯೇ.

ಅಲ್ಲಿನ 17ನೇ ಹೋಲ್ ನೋಡಿ. ಹೆಸರು ರೋಡ್ ಹೋಲ್. ಓಪನ್ ಚಾಂಪಿಯನ್‌ಷಿಪ್‌ನಲ್ಲಿ 495 ಗಜ, ಪಾರ್ 4, ಅಂದರೆ ನಾಲ್ಕು ಹೊಡೆತದ ಲೆಕ್ಕ. ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತವನ ಬಲಕ್ಕೆ, ಹಿಂದೆ ರೈಲ್ವೆ ಶೆಡ್‌ಗಳಿದ್ದ ಜಾಗದಲ್ಲಿ, ಈಗ ಹೋಟೆಲಿದೆ. ಅದರ ಆವರಣದ ಮೂಲೆಯ ಮೇಲಿಂದಲೇ ಚೆಂಡು ಹಾರಿಸಿ ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ದಾರಿಯ ಬಲ ಅಂಚಿಗೆ ಇಳಿಸಬಲ್ಲವನಿಗೆ ಬಾವುಟವಿರುವ ಗ್ರೀನ್ ತೆರೆದುಕೊಳ್ಳುತ್ತದೆ. ಸ್ವಲ್ಪ ತಪ್ಪಿದರೆ ಚೆಂಡು ಮೈದಾನದ ಹೊರಗೆ, ದಂಡದ ಹೊಡೆತ ಬೇರೆ. ಎಡಕ್ಕೆ ಹೊಡೆದರೆ ಈ ಯಾವ ಭಯವೂ ಇಲ್ಲ. ಆದರೆ ಅಲ್ಲಿಂದ ನೋಡಿದಾಗ ಬಾವುಟಕ್ಕೂ ಚೆಂಡಿಗೂ ನಡುವೆ ಗ್ರೀನಿನ ಎಡ ಮಗ್ಗುಲಲ್ಲಿರುವ ರೋಡ್ ಬಂಕರ್ ಬಂದು ಕೂತಿರುತ್ತದೆ, ಗ್ರೀನಿನ ಬೆನ್ನಿಗೇ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಹತ್ತಿರ ಬಿದ್ದರೆ ಬಂಕರ್, ದೂರ ಹೋದರೆ ರಸ್ತೆ. ಅಂದರೆ ಟೀಯಿಂದ ನಾನ್ನೂರು ಗಜಕ್ಕೂ ಆಚೆ ಇರುವ ಒಂದು ಸಣ್ಣ ಗುಂಡಿ ಮೊದಲನೇ ಹೊಡೆತದ ದಿಕ್ಕನ್ನು ನಿರ್ಧರಿಸುತ್ತದೆ. ಬಂಕರ್ ಇಡುವ ಜಾಣತನವೆಂದರೆ ಇದೇ. ಒಳ್ಳೆಯ ಬಂಕರ್ ಒಳ್ಳೆಯ ದಾರಿಯ ಬದಿಯಲ್ಲೇ ಇರುತ್ತದೆ. ಅದನ್ನು ಒರಸಿಕೊಂಡು ಹೋಗುವ ಧೈರ್ಯ ಇದ್ದವನಿಗೆ ಮುಂದಿನ ಹೊಡೆತ ಸುಲಭ.

ಸುತ್ತಲಿನ ನೆಲವೂ ಈ ಬಂಕರಿನ ಕಡೆಗೇ ಇಳಿಜಾರು. ಹಾಗಾಗಿ ನೋಡಲು ಚಿಕ್ಕದಾದರೂ ಅದು ಚೆಂಡನ್ನು ಎಳೆದುಕೊಳ್ಳುವ ವ್ಯಾಪ್ತಿ ದೊಡ್ಡದು. 1978ರ ಓಪನ್‌ನ ಮೂರನೇ ದಿನ ಜಪಾನಿನ ಟಾಮಿ ನಕಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ತಲುಪಿದ್ದರು. ಅಲ್ಲಿಂದ ಪಟ್ ಮಾಡಿದ ಚೆಂಡು ಉರುಳುತ್ತಾ ಬಂಕರಿಗಿಳಿಯಿತು. ಹೊರತೆಗೆಯಲು ನಾಲ್ಕು ಹೊಡೆತ, ಆ ಹೋಲ್‌ಗೆ ಒಟ್ಟು ಒಂಬತ್ತು. 2022ರ ಕೊನೆಯ ದಿನ ಕ್ಯಾಮರಾನ್ ಸ್ಮಿತ್‌ಗೂ ಇದೇ ಬಂಕರ್ ಬಾವುಟಕ್ಕೆ ಅಡ್ಡ ನಿಂತಿತ್ತು. ಅವರು ಬಂಕರಿನ ಮೇಲೆ ಚೆಂಡು ಎತ್ತುವ ಗೋಜಿಗೇ ಹೋಗಲಿಲ್ಲ. ಪಟರ್ ಹಿಡಿದು, ಇಳಿಜಾರನ್ನು ನಂಬಿ, ಬಂಕರನ್ನು ಸುತ್ತಿಕೊಂಡು ಹೋಗುವಂತೆ ಉರುಳಿಸಿದರು. ಉಳಿದ ಸುಮಾರು ಮೂರು ಮೀಟರಿನ ಪಟ್ ಹಾಕಿ ಪಾರ್ ಉಳಿಸಿಕೊಂಡರು, ಒಂದೇ ಹೊಡೆತದ ಅಂತರದಲ್ಲಿ ಓಪನ್ ಗೆದ್ದರು. ಮರಳಿನ ಒಂದು ಕಣವನ್ನೂ ಮುಟ್ಟದ ಆ ಹೊಡೆತವೇ ನನ್ನ ಲೆಕ್ಕದಲ್ಲಿ ಬಂಕರ್ ಆಟದ ಅತಿ ಸುಂದರ ಕ್ಷಣ. ಇಲ್ಲೇ 2000ದಲ್ಲಿ ಟೈಗರ್ ವುಡ್ಸ್ 72 ಹೋಲ್‌ಗಳಲ್ಲಿ ಒಮ್ಮೆಯೂ ಬಂಕರಿಗೆ ಬೀಳದೆ ಎಂಟು ಹೊಡೆತಗಳ ಅಂತರದಿಂದ ಗೆದ್ದದ್ದನ್ನೂ ಈ ಕಣ್ಣಿನಿಂದಲೇ ನೋಡಬೇಕು.

ಇನ್ನು 16ನೇ ಹೋಲ್. ಪ್ರಿನ್ಸಿಪಲ್ಸ್ ನೋಸ್ ಎಂಬ ಮೂರು ಬಂಕರ್‌ಗಳ ಗುಂಪು ಫೇರ್‌ವೇಯ ನಡುವೆಯೇ ಇದೆ. ಅದಕ್ಕೂ ಬಲಗಡೆಯ ಗಡಿಗೂ ನಡುವಿನ ಸಂದಿ ಇಕ್ಕಟ್ಟು, ಗ್ರೀನಿಗೆ ಒಳ್ಳೆಯ ಕೋನ ಸಿಗುವುದು ಅಲ್ಲಿಂದಲೇ. ಎಡಕ್ಕೆ ಬೇಕಾದಷ್ಟು ಜಾಗವಿದೆ, ಕೋನ ಕೆಡುತ್ತದೆ.

ನೋಡುವಾಗ ಆಟಗಾರನ ಕೈಯನ್ನು ಗಮನಿಸಿ. ಅವನ ಚೀಲ ಹೊರುವ ಕ್ಯಾಡಿಯ ಪುಸ್ತಕದಲ್ಲಿ ಒಂದೊಂದು ಬಂಕರಿಗೂ ಎರಡು ಅಂಕಿ ಇರುತ್ತವೆ: ಅದನ್ನು ತಲುಪಲು ಎಷ್ಟು ಗಜ, ದಾಟಲು ಎಷ್ಟು. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಹೊರಬಂದರೆ ದಾಟುವ ಅಥವಾ ಸಂದಿಯಲ್ಲಿ ನುಗ್ಗುವ ಲೆಕ್ಕ; ಅಷ್ಟು ದೂರ ಹೋಗದ ಐರನ್ ಬಂದರೆ ಬಂಕರಿಗಿಂತ ಹಿಂದೆಯೇ ನಿಲ್ಲುವ ಲೆಕ್ಕ, ಮುಂದಿನ ಹೊಡೆತ ಉದ್ದವಾಗುತ್ತದೆ. ಎದುರುಗಾಳಿ ಎದ್ದರೆ ಬೆಳಿಗ್ಗೆ ದಾಟುತ್ತಿದ್ದ ಬಂಕರ್ ಮಧ್ಯಾಹ್ನ ದಾಟದು, ಆಗ ಚೀಲದಿಂದ ಬರುವ ಕೋಲೂ ಬೇರೆ.

ದೊಡ್ಡ ಬಂಕರ್ ಎಂದರೆ ಕಠಿಣ ಬಂಕರ್ ಎಂದುಕೊಳ್ಳಬೇಡಿ. ಅಮೆರಿಕದ ಅಗಸ್ಟಾ ನ್ಯಾಷನಲ್‌ನ 10ನೇ ಹೋಲ್‌ನಲ್ಲಿ ವಿಶಾಲವಾದ, ಬಳುಕುವ ಅಂಚಿನ ಬಿಳಿ ಬಂಕರ್ ಇದೆ, ಚಿತ್ರ ತೆಗೆಯಲು ಬಲು ಚೆಂದ. ಒಂದು ಕಾಲಕ್ಕೆ ಅದು ಗ್ರೀನಿನ ಕಾವಲಿಗಿತ್ತು. 1937ರಲ್ಲಿ ಗ್ರೀನನ್ನು ಹಿಂದಕ್ಕೆ ಒಯ್ದರು, ಬಂಕರ್ ಇದ್ದಲ್ಲೇ ಉಳಿಯಿತು. ಇವತ್ತಿನ ವೃತ್ತಿಪರರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗ್ರೀನಿನ ಪಕ್ಕದ ಸಪಾಟು ಮರಳಂತೂ ಅವರಲ್ಲಿ ಎಷ್ಟೋ ಮಂದಿಗೆ ದಟ್ಟ ಹುಲ್ಲಿಗಿಂತ ವಾಸಿ.

ಮತ್ತೆ ಓಲ್ಡ್ ಕೋರ್ಸ್‌ಗೆ ಬಂದರೆ, 12ನೇ ಹೋಲ್‌ನ ಟೀ ಮೇಲೆ ನಿಂತವನಿಗೆ ಎದುರಿಗೆ ಬರೀ ಹುಲ್ಲು ಕಾಣುತ್ತದೆ. ಫೇರ್‌ವೇ ನಡುವಿನ ಬಂಕರ್‌ಗಳು ಕಾಣುವುದೇ ಇಲ್ಲ. ಹಿಂದೆ ಈ ಮೈದಾನವನ್ನು ವಿರುದ್ಧ ದಿಕ್ಕಿನಲ್ಲೂ ಆಡುತ್ತಿದ್ದರು, ಆ ಬಂಕರ್‌ಗಳ ಮುಖ ಆ ಕಡೆಗಿದೆ. ಪ್ರಸಾರದವರು ಗ್ರೀನಿನ ಕಡೆಯಿಂದ ಕ್ಯಾಮೆರಾ ತಿರುಗಿಸಿದಾಗ ಅವನ್ನು ಗುರುತು ಮಾಡಿಟ್ಟುಕೊಳ್ಳಿ, ಮುಂದಿನ ಜೋಡಿ ಟೀಗೆ ಬಂದಾಗ ಯಾರು ಯಾವ ಗೆರೆ ಹಿಡಿಯುತ್ತಾರೆಂದು ನೀವೇ ಊಹಿಸಬಹುದು.