ತಕ್ಕಡಿ ಯಾರ ಕೈಯಲ್ಲಿ?

ಪೂರ್ವ ಆಫ್ರಿಕಾದಿಂದ ಯುರೋಪಿಗೆ ಹೋಗುವ ತಂಪು ಕಂಟೇನರೊಂದರ ಹಿಂದೆ ಎಷ್ಟು ಜನರ ಕೈ ಇರುತ್ತದೆ? ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ 2014ರಲ್ಲಿ ಇದನ್ನು ಲೆಕ್ಕ ಹಾಕಿ ನೋಡಿತು. ವ್ಯಕ್ತಿಗಳು, ಸಂಸ್ಥೆಗಳು ಸೇರಿ ಸುಮಾರು 30; ಅವರ ನಡುವಿನ ಕಾಗದಪತ್ರ, ಮಾತುಕತೆ 200ಕ್ಕೂ ಹೆಚ್ಚು. ಒಂದು ರುಜು ತಡವಾದರೆ ಸರಕು ಬಂದರಿನಲ್ಲೇ ಬಿದ್ದಿರುತ್ತದೆ. ಈ ತೊಡಕು ಬಿಡಿಸಲೆಂದು ಮೇರ್ಸ್ಕ್ 2018ರಲ್ಲಿ ಐಬಿಎಂ ಜೊತೆಗೂಡಿ ತಂದದ್ದೇ ಟ್ರೇಡ್‌ಲೆನ್ಸ್. ರಫ್ತುದಾರ, ಬಂದರು, ಕಸ್ಟಮ್ಸ್, ಹಡಗಿನವರು ಎಲ್ಲರಿಗೂ ಒಂದೇ ದಾಖಲೆ. ಬರೆದದ್ದನ್ನು ಗುಟ್ಟಾಗಿ ತಿದ್ದಲು ಬಿಡದ ಬ್ಲಾಕ್‌ಚೈನ್.

ತಂತ್ರಜ್ಞಾನದಲ್ಲಿ ನನಗೆ ದೊಡ್ಡ ದೋಷ ಕಾಣುವುದಿಲ್ಲ. ಒಬ್ಬರ ಕಾಗದ ಪ್ರತಿಸ್ಪರ್ಧಿಯ ಕಣ್ಣಿಗೆ ಬೀಳದ ಏರ್ಪಾಡೂ ಅದರಲ್ಲಿತ್ತು. ದೋಷವಿದ್ದದ್ದು ಒಡೆತನದಲ್ಲಿ. ಆಗ ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗು ಕಂಪನಿ ಮೇರ್ಸ್ಕೇ. ಗಿರಾಕಿಗಳಿಗಾಗಿ ಅದರೊಂದಿಗೇ ಸೆಣಸುವವರು ತಮ್ಮ ವ್ಯವಹಾರದ ಒಳಸುಳಿಗಳನ್ನು ಅದರ ಮನೆಯಲ್ಲೇ ಇಡಬೇಕಿತ್ತು. ನಮ್ಮ ಮಂಡಿಗಳಲ್ಲಿ ಕೊಳ್ಳುವವನೇ ತಕ್ಕಡಿ ಹಿಡಿದರೆ ಮುಳ್ಳು ಎಷ್ಟೇ ನೇರವಾಗಿರಲಿ, ರೈತನ ಕಣ್ಣು ಆ ಕೈಯ ಮೇಲೆಯೇ ಇರುತ್ತದೆ. ಆ ಅನುಮಾನ ತಪ್ಪಲ್ಲ. ಟ್ರೇಡ್‌ಲೆನ್ಸ್ ಎಲ್ಲರೂ ಸೇರಿ ಆಳುವ ವೇದಿಕೆಯಾಗದೆ ಉಪಯೋಗವಿಲ್ಲವೆಂದು ಪ್ರತಿಸ್ಪರ್ಧಿ ಹಡಗು ಕಂಪನಿ ಹಪಾಗ್-ಲಾಯ್ಡ್‌ನ ಮುಖ್ಯಸ್ಥರು 2018ರಲ್ಲೇ ಬಹಿರಂಗವಾಗಿ ಎಚ್ಚರಿಸಿದ್ದರು.

2019ರಲ್ಲಿ ಪ್ರತಿಸ್ಪರ್ಧಿ ಹಡಗು ಕಂಪನಿಗಳಾದ ಎಂಎಸ್‌ಸಿ, ಸಿಎಂಎ ಸಿಜಿಎಂ, ಹಪಾಗ್-ಲಾಯ್ಡ್ ಕೂಡ ಸೇರುವುದಾಗಿ ಒಪ್ಪಿದವು. ಆದರೆ ಹೆಸರು ಬರೆಸುವುದು ಬೇರೆ, ಭರವಸೆಯಿಂದ ವ್ಯವಹಾರ ಒಪ್ಪಿಸುವುದು ಬೇರೆ. 2022ರ ನವೆಂಬರಿನಲ್ಲಿ ಮೇರ್ಸ್ಕ್ ಮತ್ತು ಐಬಿಎಂ ಟ್ರೇಡ್‌ಲೆನ್ಸನ್ನು ನಿಲ್ಲಿಸುವುದಾಗಿ ಘೋಷಿಸಿದವು. ಇಡೀ ಉದ್ಯಮದ ಸಹಕಾರ ದಕ್ಕಲಿಲ್ಲ ಎಂಬುದೇ ಅವು ಕೊಟ್ಟ ಕಾರಣ.

ಬ್ಲಾಕ್‌ಚೈನ್ ಇದ್ದರೆ ನಂಬಿಕೆಯ ಹಂಗೇ ಬೇಡ ಎಂದು ಆ ದಿನಗಳಲ್ಲಿ ಹಲವರು ಸಾರುತ್ತಿದ್ದರು. ಅದು ಬರೆದದ್ದನ್ನು ಕಾಯುತ್ತದೆ, ನಿಜ. ಬರೆದದ್ದು ಸತ್ಯವೇ, ನಾಳೆ ಶುಲ್ಕ ಏರಿಸುವವರು ಯಾರು, ಹೊರಗೆ ಹೋಗುವವನ ದಾಖಲೆ ಯಾರ ಪಾಲು ಎಂಬುದಕ್ಕೆಲ್ಲ ಉತ್ತರ ಹೇಳಬೇಕಾದವರು ಮನುಷ್ಯರೇ.

ಇದಕ್ಕಿಂತ ನಿಧಾನದ, ಆದರೆ ಸರಿಯಾದ ದಾರಿಯೊಂದು ಇದ್ದೇ ಇತ್ತು. 2019ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಡಗು ಕಂಪನಿಗಳೇ ಸೇರಿ ಲಾಭದ ಉದ್ದೇಶವಿಲ್ಲದ ಡಿಸಿಎಸ್‌ಎ ಎಂಬ ಸಂಸ್ಥೆ ಕಟ್ಟಿದವು. ಕಟ್ಟಿದವರಲ್ಲಿ ಮೇರ್ಸ್ಕೂ ಒಂದು. ಲೆಕ್ಕದ ಪುಸ್ತಕ ಅವರವರದು, ಬರೆಯುವ ರೀತಿ ಮಾತ್ರ ಎಲ್ಲರಿಗೂ ಒಂದೇ. ಅದರ ಒಂಬತ್ತು ಸದಸ್ಯ ಕಂಪನಿಗಳು 2030ರೊಳಗೆ ಕಾಗದದ ಬಿಲ್ ಆಫ್ ಲೇಡಿಂಗನ್ನು (ಹಡಗಿಗೇರಿಸಿದ ಸರಕಿನ ರಸೀದಿಪತ್ರ) ಪೂರ್ತಿ ಕೈಬಿಡುವುದಾಗಿ 2023ರ ಫೆಬ್ರವರಿಯಲ್ಲಿ ಮಾತು ಕೊಟ್ಟಿವೆ. ಟ್ರೇಡ್‌ಲೆನ್ಸ್ ಮುಚ್ಚಿದ್ದೂ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ.