ಸಾರಲೇಖದಲ್ಲಿ ಇಲ್ಲದ ಓದುಗರು

ಕಳೆದ ತಿಂಗಳು ಭದ್ರಾವತಿಯ ಪೇಪರ್ ಟೌನಿನ ಒಂದು ಮನೆಯಲ್ಲಿ ಕೂತಿದ್ದೆ. ನಮ್ಮ ವಿಭಾಗದ ಕಿರಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಎಂ.ಎ. ಕಿರುಪ್ರಬಂಧವನ್ನು ಅಪ್ಪನ ಕೈಗಿಟ್ಟಳು. ಅವರು ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರು. ಪ್ರಬಂಧದ ವಿಷಯವೂ ಅಲ್ಲಿನ ಕೆಲಸಗಾರರ ನೆನಪುಗಳೇ. ಅದಕ್ಕಾಗಿ ಅವರು ನಾಲ್ಕು ಸಂಜೆ ಕೂತು ಮಾತಾಡಿದ್ದರು. ಹತ್ತು ನಿಮಿಷ ಹಾಳೆ ತಿರುವಿ ಕೇಳಿದರು: "ಇದನ್ನ ಯಾರು ಓದ್ತಾರಮ್ಮ?"

"ಗೈಡ್ ಓದ್ತಾರೆ. ಎಕ್ಸಾಮಿನರ್ ಓದ್ತಾರೆ."

"ಆಮೇಲೆ?"

ಅವಳು ನನ್ನ ಮುಖ ನೋಡಿದಳು. ಯೋಜನೆ ಹಾಕುವಾಗ ಜೊತೆಗಿದ್ದದ್ದು ನಾನೇ. ನನ್ನಲ್ಲೂ ಉತ್ತರವಿರಲಿಲ್ಲ.

ಸಾರಲೇಖದ ಕ್ರಮ ನಮಗೆಲ್ಲ ಬಾಯಿಪಾಠ: ಉದ್ದೇಶ, ವ್ಯಾಪ್ತಿ, ವಿಧಾನ, ಆಕರ, ಅಧ್ಯಾಯ ವಿಂಗಡಣೆ. ಯಾರಿಗಾಗಿ ಬರೆಯುತ್ತೇವೆ ಎಂಬ ಸಾಲು ಮಾತ್ರ ಅದರಲ್ಲಿಲ್ಲ. ಹಾಗಾಗಿ ಓದುಗರ ಜಾಗದಲ್ಲಿ ಪರೀಕ್ಷಕರು ತಾವಾಗಿಯೇ ಬಂದು ಕೂರುತ್ತಾರೆ. ಅವರು ಮೆಚ್ಚಬಹುದೆಂದು ನಾವು ಊಹಿಸಿಕೊಂಡ ಭಾಷೆಯೇ ಬರವಣಿಗೆಗೆ ಇಳಿಯುತ್ತದೆ.

ಈ ಪ್ರಬಂಧದಲ್ಲೇ ಒಂದು ಉದಾಹರಣೆಯಿದೆ. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ್ದರ ಬಗ್ಗೆ ಅಪ್ಪ ಹೇಳಿದ್ದು: "ಸೈರನ್ ನಿಂತ ಮೇಲೆ ಊರಿಗೆ ಹೊತ್ತು ಗೊತ್ತಾಗೋದೇ ನಿಂತೋಯ್ತು." ಪ್ರಬಂಧದಲ್ಲಿ ಅದು 'ಶ್ರಮಿಕ ಅಸ್ಮಿತೆಯ ಕಾಲಪ್ರಜ್ಞೆಯ ಸ್ಥಿತ್ಯಂತರ' ಎಂದಾಗಿದೆ. ಆ ಪದಪುಂಜ ಸೂಚಿಸಿದ್ದು ನಾನು. ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ವಿಚಾರ ಮೊದಲನೆಯದರಲ್ಲೇ ಹೆಚ್ಚಿದೆ.

ಓದುಗರನ್ನು ಮೊದಲೇ ಆರಿಸಿಕೊಂಡರೆ ವಿಚಾರ ತೆಳುವಾಗುತ್ತದೆ ಎಂಬುದು ನಮ್ಮ ವಲಯದ ಹಳೆಯ ಅನುಮಾನ. ಅದಕ್ಕೆ ಉತ್ತರ ಶಿವಮೊಗ್ಗದ ಮಣ್ಣಿನಲ್ಲೇ ಇದೆ. ಕೊನಗವಳ್ಳಿಯ ಪಿ. ಲಂಕೇಶ್ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. 1980ರಲ್ಲಿ ವಾರಪತ್ರಿಕೆ ಶುರುಮಾಡಿದ ಅವರು ಅದನ್ನು 'ಜಾಣ ಜಾಣೆಯರ ಪತ್ರಿಕೆ' ಎಂದು ಕರೆದರು. ಓದುಗ ಯಾರು, ಓದುಗಳು ಯಾರು ಎಂಬುದು ಆ ಮಾತಿನಲ್ಲೇ ಇತ್ತು. ಜಾಹೀರಾತು ಬೇಡವೆಂದು, ಕೊಂಡು ಓದುವವರ ಕಾಸಿನ ಮೇಲೆಯೇ ನಿಂತರು. ಆದರೂ ಬೋದಿಲೇರನನ್ನು ಕನ್ನಡಕ್ಕೆ ತಂದ ಕವಿ ತನ್ನ ಬೌದ್ಧಿಕತೆಯನ್ನು ಪತ್ರಿಕೆಗಾಗಿ ಕಳಚಿಡಲಿಲ್ಲ. ಓದುವವರು ಜಾಣರೆಂದು ನಂಬಿದರು, ಅಷ್ಟೆ. ನಮ್ಮ ಪ್ರಬಂಧಗಳಿಗೆ ಇಲ್ಲದಿರುವುದು ಆ ನಂಬಿಕೆ.

ಓದುಗರನ್ನು ಆರಿಸುವುದೆಂದರೆ ಅವರನ್ನು ಮೆಚ್ಚಿಸುವುದಲ್ಲ. ಅವಳ ಪ್ರಬಂಧದ ಅತ್ಯುತ್ತಮ ಅಧ್ಯಾಯ ಗುತ್ತಿಗೆ ಕೆಲಸಗಾರರ ಕುರಿತದ್ದು. ಕ್ವಾರ್ಟರ್ಸಿನಲ್ಲಿದ್ದ ಕಾಯಂ ನೌಕರರು ಅವರನ್ನು ಹೇಗೆ ಕಂಡರು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅಪ್ಪನ ಗೆಳೆಯರು ಅದನ್ನು ಓದಿ ಮುನಿಸಿಕೊಳ್ಳಬಹುದು. ಆದರೆ ಆ ಮಾತು ತಲುಪಬೇಕಾದ್ದು ಅವರಿಗೇ. ಕಪಾಟಿನಲ್ಲಿ ಕೂತ ಸತ್ಯದಿಂದ ಯಾರಿಗೂ ಮುಜುಗರವಿಲ್ಲ, ಉಪಯೋಗವೂ ಇಲ್ಲ.

ಇನ್ನೊಂದು ಕಾರಣವೂ ಇದೆ. ಮೂವತ್ತೆರಡನೇ ಪುಟಕ್ಕೆ ಬಂದಾಗ ಅಪ್ಪ ನಕ್ಕರು: "ನಾನು ಪಲ್ಪ್ ಸೆಕ್ಷನ್ನಲ್ಲಿ ಇರಲೇ ಇಲ್ವಲ್ಲ, ಮಷಿನ್ ಹೌಸಲ್ಲಿದ್ದೆ." ಮೌಖಿಕ ಪರೀಕ್ಷೆಯಲ್ಲಿ ಈ ತಪ್ಪು ಯಾರಿಗೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಅಡಿಟಿಪ್ಪಣಿಯ ಕ್ರಮವನ್ನು ಪರೀಕ್ಷಕರು ತಿದ್ದಬಲ್ಲರು. ಬದುಕಿನ ವಿವರವನ್ನು ತಿದ್ದಬಲ್ಲವರು ಬದುಕಿದವರು.

ಈ ವರ್ಷ ಶಿವಮೊಗ್ಗದಲ್ಲಿ ಇಬ್ಬರು ವಿದ್ಯಾರ್ಥಿಗಳ ಯೋಜನೆಗೆ ಜೊತೆಯಾಗಿದ್ದೇನೆ. ಗೋಪಿ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಾ ಮೊದಲು ಕೇಳಿದ್ದು ವಿಷಯವನ್ನಲ್ಲ. "ಇದನ್ನು ಓದಲೇಬೇಕಾದ ಒಬ್ಬರ ಹೆಸರು ಹೇಳಿ" ಅಂದೆ. ಒಬ್ಬ ತನ್ನ ಅಜ್ಜಿಯ ಹೆಸರು ಹೇಳಿದ. ಅವರಿಗೆ ಓದು ಬರುವುದಿಲ್ಲ. ಹಾಗಾದರೆ ಒಂದು ಅಧ್ಯಾಯವನ್ನಾದರೂ ಗಟ್ಟಿಯಾಗಿ ಓದಿ ಹೇಳುವಂತೆ ಬರೆಯಬೇಕು. ವೇಳಾಪಟ್ಟಿಯಲ್ಲಿ ಆ ಓದಿಗೆ ಒಂದು ದಿನ ಇಟ್ಟಿದ್ದೇವೆ, ಪ್ರಬಂಧ ಸಲ್ಲಿಸುವ ಮೊದಲು.

ಪೇಪರ್ ಟೌನಿನ ಹುಡುಗಿ ತನ್ನ ಪ್ರಬಂಧವನ್ನು ಹದಿನಾರು ಪುಟಕ್ಕೆ ಇಳಿಸುತ್ತಿದ್ದಾಳೆ. ಸೈರನ್ನಿನ ಮಾತು ಮೊದಲ ಪುಟದಲ್ಲಿದೆ. ಗುತ್ತಿಗೆ ಕೆಲಸಗಾರರ ಅಧ್ಯಾಯವನ್ನು ಇಳಿಸಿಲ್ಲ. ನನ್ನ ಪಿಎಚ್.ಡಿ. ಸಾರಲೇಖವನ್ನೂ ಮತ್ತೆ ತೆಗೆದು ನೋಡಬೇಕಿದೆ.