‘ನೈಸ್’: ಟಿಲ್ನಿಗೆ ಸಿಕ್ಕ ಪುಕ್ಕಟೆ ಕೀರ್ತಿ

ಇಂಗ್ಲಿಷಿನ ‘ನೈಸ್’ ಸವಕಲು ಪದ ಎಂದು ದೂರುವವರೆಲ್ಲ ಸಾಕ್ಷಿಗೆ ಕರೆಯುವುದು ಜೇನ್ ಆಸ್ಟಿನ್‌ಳನ್ನು. 1817ರ ಕೊನೆಗೆ ಹೊರಬಂದ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯ 14ನೇ ಅಧ್ಯಾಯ. ಬಾತ್ ಊರಿನ ಬೀಚನ್ ಕ್ಲಿಫ್ ಗುಡ್ಡದತ್ತ ನಡೆಯುತ್ತ ಕಥಾನಾಯಕಿ ಕ್ಯಾಥರೀನ್ ತನ್ನ ಮೆಚ್ಚಿನ ಪುಸ್ತಕವನ್ನು ಹೊಗಳಲು ಈ ಪದ ಬಳಸುತ್ತಾಳೆ. ಜೊತೆಗಿದ್ದ ಹೆನ್ರಿ ಟಿಲ್ನಿ ಕೀಟಲೆ ಮಾಡಿ ಪಾಠ ಹೇಳುತ್ತಾನೆ. ಆ ಪಾಠವನ್ನೇ ಆಸ್ಟಿನ್‌ಳ ತೀರ್ಪೆಂದು ಓದುವುದನ್ನು ನಾನು ಒಪ್ಪಲಾರೆ.

ಓರಣ, ಔಚಿತ್ಯ, ನಾಜೂಕು ಇವೇ ಪದದ ಮೊದಲ ಅರ್ಥ ಎನ್ನುತ್ತಾನೆ ಟಿಲ್ನಿ. ‘ಬಹುಶಃ’ ಎಂದು ಸೇರಿಸುತ್ತಾನೆ, ಅಷ್ಟು ಮೆಚ್ಚೋಣ. ಆದರೆ ಲ್ಯಾಟಿನ್ನಿನ ‘ನೆಸ್ಕಿಯಸ್’ ಎಂದರೆ ಅರಿಯದವ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಈ ಪದ ದಡ್ಡನನ್ನು ಹೆಸರಿಸುತ್ತಿತ್ತು. ಆಮೇಲೆ ಶೋಕಿ, ಅತಿ ಮಡಿವಂತಿಕೆ, ಸೂಕ್ಷ್ಮತೆ ಎನ್ನುತ್ತ ಹೊರಳಿ, 18ನೇ ಶತಮಾನದ ಹೊತ್ತಿಗೆ ‘ಹಿತವಾದದ್ದು’ ಆಯಿತು. ಟಿಲ್ನಿ ಮೂಲವೆಂದು ಹಿಡಿದದ್ದು ನಡುವಿನ ಒಂದು ಹಂತವನ್ನು ಮಾತ್ರ.

ಅದಕ್ಕಿಂತ ಮುಖ್ಯ, ಮಾತು ಅವನಲ್ಲಿಗೆ ಮುಗಿಯುವುದಿಲ್ಲ. ಸೋದರಿ ಎಲಿನರ್ ತಕ್ಷಣ ತಿರುಗಿಬೀಳುತ್ತಾಳೆ: ಈ ಪದ ಸಲ್ಲಬೇಕಾದದ್ದು ನಿನಗೇ, ಅದೂ ಹೊಗಳಿಕೆಯಾಗಿ ಅಲ್ಲ, ನಿನಗೆ ವಿವೇಕಕ್ಕಿಂತ ಮಡಿಯೇ ಹೆಚ್ಚು ಎನ್ನುತ್ತಾಳೆ. ಇಲ್ಲಿ ಆಸ್ಟಿನ್ ಮಾಡಿದ್ದನ್ನು ಗಮನಿಸಬೇಕು. ಹೆನ್ರಿ ಹೊಗಳುವ ಆ ಹಳೆಯ ಅರ್ಥವನ್ನೇ ಎಲಿನರ್ ಎತ್ತಿಕೊಂಡು, ಅದರ ಕಹಿ ಮಗ್ಗುಲನ್ನು ಅವನ ಮೇಲೆ ಪ್ರಯೋಗಿಸುತ್ತಾಳೆ. ಅವನು ಪದದ ಬಗ್ಗೆ ಮಾತಾಡುತ್ತಾನೆ, ಇವಳು ಪದವನ್ನು ಬಳಸಿ ಗೆಲ್ಲುತ್ತಾಳೆ. ಕೊನೆಗೆ ಅವನನ್ನು ಅವನ ಶುದ್ಧ ಭಾಷೆಗೆ ಬಿಟ್ಟು, ನಮಗೆ ತೋಚಿದ ಮಾತಲ್ಲೇ ಪುಸ್ತಕವನ್ನು ಹೊಗಳೋಣ ಬಾ ಎಂದು ಕ್ಯಾಥರೀನ್‌ಳನ್ನು ಕರೆಯುತ್ತಾಳೆ. ಸ್ವತಃ ಆಸ್ಟಿನ್ ತನ್ನ ಪತ್ರಗಳಲ್ಲಿ ಈ ಪದವನ್ನು ಧಾರಾಳವಾಗಿ ಬಳಸಿದವಳು.

ನಿಘಂಟುಕಾರ ಫೌಲರ್ 1926ರ ತನ್ನ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಪದ ಕೆಡಲು ಹೆಂಗಸರೇ ಕಾರಣ ಎಂದ. ಇದು ವಿದ್ವತ್ತಲ್ಲ, ಪೂರ್ವಗ್ರಹ. ದಡ್ಡತನದಿಂದ ನಾಜೂಕಿನವರೆಗೆ ಈ ಪದ ನಡೆದು ಬಂದದ್ದು ಯಾರ ಅಪ್ಪಣೆ ಕೇಳಿ? ನಮ್ಮಲ್ಲೇ ಚಟ್ನಿಯನ್ನು ‘ನೈಸಾಗಿ’ ರುಬ್ಬುತ್ತೇವೆ, ‘ನೈಸಾಗಿ’ ಮಾತಾಡಿ ಕೆಲಸ ಸಾಧಿಸುವವರನ್ನು ಗುರುತಿಸುತ್ತೇವೆ, ಯಾರಿಗೂ ಗೊಂದಲವಾಗಿಲ್ಲ.

ಟಿಲ್ನಿಯ ಮಾತನ್ನು ಎತ್ತಿ ಹೇಳುವವರು ದಯವಿಟ್ಟು ಎಲಿನರ್‌ಳ ಉತ್ತರವನ್ನೂ ಜೊತೆಗೇ ಕೊಡಲಿ.